ಮೇಸ್ತ್ರಿ ಬಿಟ್ಟ ತೂತು

ಪರದೆಯ ಮೇಲೆ ಕೋಟೆಯ ಹೆಬ್ಬಾಗಿಲು ಹಾಕಿದ ಹಾಗೇ ಇತ್ತು. ಅದರ ಮುಂದೆ ಬೆಂಕಿಯುಗುಳುವ ಡ್ರ್ಯಾಗನ್ ಕೂತಲ್ಲೇ ಕೂತಿತ್ತು. ಆದರೂ ಆಟದ ಪರೀಕ್ಷಕಿ ಕೋಟೆಯ ಒಳಗಿದ್ದಳು. ಅಂದರೆ ಅವಳೇನೋ ಕುರ್ಚಿಯಲ್ಲೇ ಇದ್ದಳು. ಅವಳು ಆಡಿಸುತ್ತಿದ್ದ ಯೋಧೆ ಬುರುಜಿನ ತುದಿಯಲ್ಲಿ ನಿಂತು ಡ್ರ್ಯಾಗನ್ನಿನ ನೆತ್ತಿ ನೋಡುತ್ತಿದ್ದಳು.

“ಸಾರ್, ಬಾಗಿಲು ತೆಗೀದೇನೇ ಒಳಗೆ ಬಂದ್ಬಿಟ್ಟೆ!” ಎಂದು ಅವಳು ಕೂಗಿದ್ದೇ ತಡ, ಆಟ ತಯಾರಿಸುವ ಆ ಕಂಪನಿಯ ಉದ್ದನೆಯ ಕೋಣೆಯಲ್ಲಿ ಎಲ್ಲರ ತಲೆಯೂ ಇತ್ತ ತಿರುಗಿತು. ಹೊಸ ಆಟದಲ್ಲಿ ಲೋಕವೆಲ್ಲ ಬಯಲು. ಆಡುವವರು ಕಾಡು, ಬೆಟ್ಟ, ಹೊಳೆ ಎಲ್ಲಿಗೆ ಬೇಕಾದರೂ ಹೋಗಬಹುದು, ಕೈಗೆ ಹಿಡಿತ ಸಿಕ್ಕಿದ್ದನ್ನೆಲ್ಲ ಹತ್ತಬಹುದು. ಈ ಕೋಟೆಗೆ ಮಾತ್ರ ಡ್ರ್ಯಾಗನ್ನನ್ನು ಗೆದ್ದೇ ಹೋಗಬೇಕು. ಅದಕ್ಕೇ ಗೋಡೆ ನುಣ್ಣಗಿರಬೇಕೆಂದು ಕಟ್ಟಪ್ಪಣೆಯಾಗಿತ್ತು.

ತಂಡದ ಮುಖ್ಯಸ್ಥ ಬಂದ. ಎರಡು ಮಾತಿಗೊಮ್ಮೆ ಗಡುವು, ಗಡುವು ಎನ್ನುವ ಅವನನ್ನು ಬೆನ್ನ ಹಿಂದೆ ಎಲ್ಲರೂ ಗಡುವಪ್ಪ ಎನ್ನುತ್ತಿದ್ದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಗೋಡೆಯಲ್ಲಿ ಎದೆಯೆತ್ತರಕ್ಕೊಂದು ಸಾಲಿನಂತೆ, ಬುಡದಿಂದ ತುದಿಯವರೆಗೂ, ಮುಷ್ಟಿಗಾತ್ರದ ಚೌಕ ತೂತುಗಳು.

“ಯಾರಮ್ಮ ಇದನ್ನ ಬಿಟ್ಟಿದ್ದು?”

ಕೋಟೆ ರಚಿಸಿದ ಹುಡುಗಿ ಎದ್ದು ನಿಂತಳು. “ನಾನೇ ಸಾರ್.”

“ಮರೆತು ಬಿಟ್ಟಿದ್ದೋ, ಬೇಕೂಂತ ಬಿಟ್ಟಿದ್ದೋ?”

“ನಮ್ಮಪ್ಪ ಬಿಡು ಅಂದ್ರು.”

ಕೋಣೆಯಲ್ಲಿ ಕಿಸಕ್ಕೆಂದು ನಗು. ನಗುವವರಿಗೇನು ಗೊತ್ತು! ಅವಳ ಕೋಟೆಯನ್ನು ಗಡುವಪ್ಪ ಮೂರು ಸಲ ವಾಪಸು ಕಳಿಸಿದ್ದ. ‘ಸೋಪಿನ ಡಬ್ಬಿ ಥರ ಇದೆ, ಮನುಷ್ಯರು ಕಟ್ಟಿದ್ದು ಅನ್ನಿಸೋದೇ ಇಲ್ಲ’ ಎಂದಿದ್ದ. ಅವಳ ಅಪ್ಪ ಗಾರೆ ಮೇಸ್ತ್ರಿ. ಮಗಳ ನೌಕರಿಯನ್ನು ‘ಸಿಮೆಂಟಿಲ್ಲದ ಕೆಲಸ’ ಎಂದು ಆಡಿಕೊಳ್ಳುತ್ತಿದ್ದವರು, ಕಳೆದ ಭಾನುವಾರ ಅವಳ ಸಪ್ಪೆ ಮುಖ ನೋಡಲಾರದೆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಬಹಳ ಹೊತ್ತು ನೋಡಿ, “ಅಲ್ಲ ಮಗಳೇ, ಕಟ್ದೋರು ಎಲ್ಲಿ ನಿಂತ್ಕೊಂಡು ಕಟ್ಟಿದ್ರು?” ಎಂದರು. ಗೋಡೆ ಏಳಬೇಕಾದರೆ ಆಳು ನಿಲ್ಲಲು ಸಾರ್ವೆ ಕಟ್ಟಬೇಕು, ಸಾರ್ವೆಯ ಮರದ ಗಳ ಸಿಕ್ಕಿಸಲು ಗೋಡೆಯಲ್ಲಿ ತೂತು ಬಿಡಬೇಕು. ಸಂಜೆಯವರೆಗೂ ಪಕ್ಕದಲ್ಲೇ ಕೂತು ಒಂದೊಂದಕ್ಕೂ ಬೆರಳಿಟ್ಟು ಜಾಗ ತೋರಿಸಿದ್ದರು. ನಾಲ್ಕನೇ ಸಲ ದೂರದಿಂದಲೇ ನೋಡಿದ ಗಡುವಪ್ಪ ‘ಈಗ ಜೀವ ಬಂತು’ ಎಂದಿದ್ದ. ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಅಪ್ಪ ಅಂದಿನಿಂದ ಆಡಿಕೊಳ್ಳುವುದನ್ನೂ ಬಿಟ್ಟಿದ್ದರು.

“ಸಂಜೆಯೊಳಗೆ ಮುಚ್ಚಿ. ಇಲ್ಲಾಂದ್ರೆ ಕೋಟೆ ಬೇರೆಯವರ ಕೈಗೆ ಹೋಗತ್ತೆ. ಗಡುವು ಅಂದ್ರೆ ಗಡುವು.”

ಅವಳು ಮೌಸ್ ಹಿಡಿದಳು. ಮುಚ್ಚಿದರೆ ಮತ್ತೆ ಅದೇ ಸೋಪಿನ ಡಬ್ಬಿ. ಮುಚ್ಚದಿದ್ದರೆ ಕೋಟೆಯೇ ಕೈಬಿಟ್ಟು ಹೋಗುತ್ತದೆ. ಅಪ್ಪ ಬೆರಳಿಟ್ಟ ಜಾಗವನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ.

“ಅಪ್ಪನ್ನ ಒಂದ್ ಮಾತು ಕೇಳ್ಬಿಡ್ತೀನಿ ಸಾರ್.”

“ಕೇಳಿ, ಕೇಳಿ. ಸ್ಪೀಕರ್ ಹಾಕಿ, ನಾವೂ ಕೇಳಿಸ್ಕೋತೀವಿ,” ಎಂದು ಗಡುವಪ್ಪ ಕೈಕಟ್ಟಿ ನಿಂತ.

ಫೋನಿನಲ್ಲಿ ಮೊದಲು ಕಾಂಕ್ರೀಟ್ ಕಲಸುವ ಯಂತ್ರದ ಗಡಗಡ, ಆಮೇಲೆ ಅಪ್ಪನ ದನಿ. “ತೂತು ಮುಚ್ಬೇಕಾ? ಮುಚ್ಚು, ಅದರಲ್ಲೇನಿದೆ. ಕೆಲಸ ಮುಗಿದ್ಮೇಲೆ ನಾವೂ ಮುಚ್ತೀವಲ್ಲ. ಆದ್ರೆ ಮೇಲಿಂದ ಮುಚ್ಕೊಂಡು ಬಾ. ಕೆಳಗಿಂದ ಶುರು ಮಾಡ್ಬೇಡ.”

“ಎಲ್ಲಿಂದ ಶುರು ಮಾಡಿದ್ರೇನ್ರೀ?” ಗಡುವಪ್ಪ ತಡೆಯಲಾರದೆ ಬಾಯಿ ಹಾಕಿದ.

ಯಾರೋ ಕೆಲಸ ಕಲಿಯಲು ಬಂದ ಹೊಸಬ ಎಂದುಕೊಂಡರೇನೋ, ಮೇಸ್ತ್ರಿ ತಾಳ್ಮೆಯಿಂದ ಹೇಳಿದರು. “ಕೆಳಗಿಂದು ಮುಚ್ಬಿಟ್ರೆ ಮೇಲಿರೋನು ಹೇಗಪ್ಪಾ ಇಳೀತಾನೆ? ಮೊದ್ಲು ಕೂಗಿ ಕೇಳ್ಬೇಕು, ಮೇಲೆ ಯಾರಾದ್ರೂ ಇದೀರಾ ಅಂತ. ಇದ್ರೆ ಒಂದು ತೂತೂ ಮುಟ್ಬಾರ್ದು. ಅಲ್ಲಿ ಯಾರೂ ಇಲ್ಲ ತಾನೆ?”

ಪರೀಕ್ಷಕಿ ಮೆಲ್ಲಗೆ ಕೈಯೆತ್ತಿದಳು.

“ನಾನಿದೀನಿ ಸಾರ್, ಮೇಲೆ.” ಗಡುವಪ್ಪನ ಕಡೆ ತಿರುಗಿ ಮುಂದುವರಿಸಿದಳು. “ಆರು ವರ್ಷದಿಂದ ಆಟಗಳಲ್ಲಿ ತಪ್ಪು ಹುಡುಕೋದೇ ನನ್ನ ಕೆಲಸ. ಇದನ್ನ ಹತ್ತುವಾಗ ತಪ್ಪು ಅಂತ ಅನ್ನಿಸ್ಲೇ ಇಲ್ಲ. ನನಗಿಂತ ಮುಂಚೆ ಇಲ್ಲಿ ಯಾರೋ ಬೆವರು ಸುರಿಸ್ಕೊಂಡು ಹತ್ತಿದಾರೆ ಅನ್ನಿಸ್ತು. ನಾನು ಕೂಗಿದ್ದು ಖುಷಿಗೆ ಸಾರ್, ದೂರು ಹೇಳೋಕಲ್ಲ.”

ಗಡುವಪ್ಪ ಗಡಿಯಾರ ನೋಡಿದ. ಪರದೆ ನೋಡಿದ. ಆಮೇಲೆ ಪಕ್ಕದ ಕಂಪ್ಯೂಟರಿಗೆ ಕೂತು ಅದೇ ಲೋಕಕ್ಕೆ ತನ್ನ ಯೋಧನನ್ನು ಇಳಿಸಿ, ಡ್ರ್ಯಾಗನ್ನಿನ ಕಣ್ಣು ತಪ್ಪಿಸಿ ಗೋಡೆಯ ಬುಡಕ್ಕೆ ಬಂದ. ಮೇಲಿನ ತೂತಿಗೆ ಕೈ, ಕೆಳಗಿನದಕ್ಕೆ ಕಾಲು. ಅರ್ಧದಲ್ಲಿ ಜಾರಿ ದೊಪ್ಪನೆ ಬಿದ್ದ. ಗಡುವಿನ ಮಾತೆತ್ತದೆ ಮತ್ತೆ ಹತ್ತತೊಡಗಿದ. “ಮುಚ್ಚೋದು ಬೇಡ ಬಿಡಿ,” ಎಂದ, ಪರದೆಯಿಂದ ಕಣ್ಣು ತೆಗೆಯದೆ. ಅಷ್ಟರಲ್ಲಿ ಕಿಸಕ್ಕೆಂದು ನಕ್ಕಿದ್ದವರ ಯೋಧರೂ ಒಬ್ಬೊಬ್ಬರಾಗಿ ಗೋಡೆಗೆ ಅಂಟಿಕೊಂಡಿದ್ದರು. ಹುಡುಗಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಫೋನು ಇನ್ನೂ ಕಟ್ಟಾಗಿರಲಿಲ್ಲ.

“ಏನಾಯ್ತು ಮಗಳೇ? ಎಲ್ರೂ ಇಳಿದ್ರಾ?”

“ಇಲ್ಲಪ್ಪ,” ಎಂದಳು. “ಇನ್ನೂ ಹತ್ತುತಾ ಇದಾರೆ.”