ಎಡಗೈ ಹೊಲಿಗೆ

ಅಂಗಳದಲ್ಲಿ ಕಾರಿನ ಸೀಟಿನ ಹೊದಿಕೆ ಬಿಚ್ಚುತ್ತಿದ್ದ ಅವಳ ಕತ್ತರಿ ಅಂಚಿನಲ್ಲೇ ನಿಂತಿತು. ಅರವತ್ತು ವರ್ಷದ ಕಾರು. ಸೀಟಿನ ಚರ್ಮವೆಲ್ಲ ಬಿರುಕು ಬಿಟ್ಟಿತ್ತು.

"ಇನ್ನೂ ಏನು ನೋಡ್ತಾ ಕೂತೆ? ಕಿತ್ತು ಬಿಸಾಕು," ಎಂದ ಗಂಡ, ಬಾನೆಟ್ಟಿನೊಳಗಿಂದ ತಲೆಯೆತ್ತದೆ.

"ರೀ, ಇಲ್ಲಿ ಬನ್ನಿ. ಇದು ಕೈಹೊಲಿಗೆ. ಎಳೆ ವಾಲಿರೋದು ನೋಡಿ, ನನ್ನ ಥರಾನೇ ಉಲ್ಟಾ. ಹೊಲಿದೋರು ಎಡಗೈಯವರು."

ಚಿಕ್ಕಂದಿನಲ್ಲಿ ಅವಳ ಎಡಗೈಯಿಂದ ಸೂಜಿ ಕಿತ್ತುಕೊಂಡು ಸೋದರತ್ತೆ ಹೇಳುತ್ತಿದ್ದ ಮಾತು ಮನೆಮಂದಿಗೆಲ್ಲ ಬಾಯಿಪಾಠ: ಎಡಚಿ ಹಾಕಿದ ಹೊಲಿಗೆ ಎಂಟು ದಿನ ಬಾಳಲ್ಲ.

ಗಂಡ ಬಂದು ಹೊಲಿಗೆಗೆ ಉಗುರು ಸಿಕ್ಕಿಸಿ ಜಗ್ಗಿದ. ಇನ್ನೊಮ್ಮೆ ಜೋರಾಗಿ ಜಗ್ಗಿದ. ಪಕ್ಕದ ಚರ್ಮ ಪುಡಿಯಾಗಿ ಉದುರಿತು, ಹೊಲಿಗೆ ಮಿಸುಕಲಿಲ್ಲ.

"ಎಂಟು ದಿನವಂತೆ!" ಎಂದು ಅವನು ಗ್ರೀಸು ಮೆತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಅವಳು ಕತ್ತರಿ ಕೆಳಗಿಟ್ಟು, ಎಡಗೈಯನ್ನು ಚೆನ್ನಾಗಿ ಒರೆಸಿಕೊಂಡು ಆ ಹೊಲಿಗೆಯನ್ನು ಮುಟ್ಟಿದಳು.