ಬಣ್ಣದ ಮಾಂತ್ರಿಕನ ಅಕ್ಕ

"ಪಿಟೀಲು ಕೇಳಿದರೆ ನನಗೆ ನೀಲಿ ಕಾಣುತ್ತೆ. ಕೊಳಲಿಗೆ ಹಳದಿ. ಡೋಲು ಶುರುವಾಯ್ತು ಅಂದರೆ ಮುಗೀತು, ಕಣ್ತುಂಬ ಕೆಂಪು," ಎಂದು ವಸ್ತ್ರವಿನ್ಯಾಸಕ ಕಣ್ಣು ಮುಚ್ಚಿಕೊಂಡು ಹೇಳಿದ. ಎದುರಿಗೆ ಕುಳಿತ ಪತ್ರಿಕೆಯವಳು ಒಂದಕ್ಷರವೂ ಬಿಡದೆ ಬರೆದುಕೊಂಡಳು. ಪತ್ರಿಕೆಗಳು ಅವನನ್ನು ಬಣ್ಣದ ಮಾಂತ್ರಿಕ ಎಂದು ಕರೆಯತೊಡಗಿ ಆರು ವರ್ಷವಾಗಿತ್ತು. ಅಷ್ಟೊಂದು ಜನ ಹೇಳುವಾಗ ಸುಳ್ಳೇಕೆ ಇರುತ್ತದೆ ಎಂದು ಪಾಪ, ಅವನೂ ನಂಬಿಬಿಟ್ಟಿದ್ದ.

ಕಿಟಕಿಯ ಬಳಿ ಗುಂಡಿ ಹಚ್ಚುತ್ತಿದ್ದ ಅವನ ಅಕ್ಕ ತಲೆ ಎತ್ತಲಿಲ್ಲ. ತಮ್ಮನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ ಕೆಸರು ಬಣ್ಣ ಎಂಬುದು ಈ ಭೂಮಿಯ ಮೇಲೆ ಮೂವರಿಗೆ ಗೊತ್ತಿತ್ತು: ಅವನಿಗೆ, ಅವಳಿಗೆ, ಚಿಕ್ಕಂದಿನಲ್ಲಿ ಅವನ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರಿಗೆ. ಡಾಕ್ಟರು ತೀರಿಕೊಂಡಿದ್ದರು. ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದ ಒಂದೊಂದು ಬಟ್ಟೆಯ ಥಾನಿನ ತುದಿಗೂ ಅಕ್ಕ ಬರೆದ ಚೀಟಿಯೊಂದು ಗುಂಡುಸೂಜಿಯಲ್ಲಿ ಸಿಕ್ಕಿಕೊಂಡಿರುತ್ತಿತ್ತು. 'ಕೆಂಪು, ದಾಳಿಂಬೆಯದು. ಬೂದಿ ಬಣ್ಣದ ಜೊತೆ ಹಾಕು, ಹಳದಿ ಹತ್ತಿರ ತರಬೇಡ.' ತಮ್ಮ ಓದುತ್ತಿದ್ದ, ಕತ್ತರಿಸುತ್ತಿದ್ದ, ಚಪ್ಪಾಳೆ ತೆಗೆದುಕೊಳ್ಳುತ್ತಿದ್ದ. ಕತ್ತರಿ ಹಿಡಿದರೆ ಅವನು ನಿಜಕ್ಕೂ ಗಟ್ಟಿಗ. ಆದರೆ ಕತ್ತರಿ ಚೆನ್ನಾಗಿ ಹಿಡಿಯುತ್ತಾನೆ ಎಂದರೆ ಯಾವ ಪತ್ರಿಕೆ ತಾನೇ ಫೋಟೋ ಹಾಕುತ್ತದೆ?

ಆ ಬೆಳಿಗ್ಗೆ ಹೊಸ ಉಡುಪುಗಳ ಪ್ರದರ್ಶನದ ಆಮಂತ್ರಣ ಪತ್ರ ಅಚ್ಚಿಗೆ ಹೊರಟಿತ್ತು. ಅಕ್ಕ ಜೀವಮಾನದಲ್ಲಿ ಮೊದಲ ಸಲ ತಮ್ಮನನ್ನು ಒಂದು ಮಾತು ಕೇಳಿದ್ದಳು.

"ಕೆಳಗೆ ಎಲ್ಲಾದ್ರೂ ಸಣ್ಣಕ್ಷರದಲ್ಲಿ, ಬಣ್ಣ ಅಂತ ಬರೆದು ನನ್ನ ಹೆಸರು ಹಾಕ್ಸೋ."

"ಅಯ್ಯೋ ಅಕ್ಕಾ, ನೀನು ಮನೆಯವಳು. ಮನೆಯವರ ಹೆಸರು ಯಾರಾದ್ರೂ ಹಾಕಿಸ್ತಾರಾ? ದಿನಾ ಅಡುಗೆ ಮಾಡ್ತೀಯ ಅಂತ ಬಾಗಿಲ ಮೇಲೆ ನಿನ್ನ ಹೆಸರು ಬರೆಸಿದೀನಾ?"

ತನ್ನ ಮಾತಿಗೆ ತಾನೇ ನಕ್ಕು ಅವನು ಸ್ನಾನಕ್ಕೆ ಹೋದ. ಅಕ್ಕನಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಎರಡು ಥಾನುಗಳ ಚೀಟಿ ಕಿತ್ತು, ಕೆಂಪಿನದನ್ನು ಹಸಿರಿಗೂ ಹಸಿರಿನದನ್ನು ಕೆಂಪಿಗೂ ಚುಚ್ಚಿ, ಏನೂ ಅರಿಯದವಳ ಹಾಗೆ ಸೂಜಿಗೆ ದಾರ ಪೋಣಿಸಿಕೊಂಡು ಕುಳಿತಳು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಬಿಡುವುದಿದ್ದರೆ ಇವತ್ತು ಬರುವ ಪತ್ರಿಕೆಯವಳ ಎದುರಿಗೇ ಅವನು ಬಾಯಿ ಬಿಡಲಿ ಎಂದುಕೊಂಡಳು.

"ಸರ್, ಡೋಲಿನದೇ ಒಂದು ಹಾಡು ಹಾಕ್ಲಾ? ನಿಮಗೆ ಕಾಣೋ ಕೆಂಪು ಯಾವುದು ಅಂತ ತೋರಿಸಿ, ಒಂದು ಫೋಟೋ ತಗೋತೀನಿ," ಎಂದಳು ಪತ್ರಿಕೆಯವಳು.

ಅವಳ ಮೊಬೈಲಿನಲ್ಲಿ ಡೋಲು ಬಡಿಯತೊಡಗಿತು. ವಿನ್ಯಾಸಕ ತಲೆದೂಗುತ್ತ ಎದ್ದ. ಎದುರು ಗೋಡೆಯ ಮೇಲಿದ್ದ ದೊಡ್ಡ ವರ್ಣಚಿತ್ರದ ಮುಂದೆ ನಿಂತು, ಅದಕ್ಕೆ ಸಲ್ಲಬೇಕಾದ ನಿಟ್ಟುಸಿರನ್ನು ಸಲ್ಲಿಸಿದ. ಆಮೇಲೆ ಥಾನುಗಳ ಉದ್ದಕ್ಕೂ ನಡೆದು, ಓರೆಗಣ್ಣಿನಲ್ಲಿ ಚೀಟಿ ಓದಿ, ಒಂದನ್ನು ಸರ್ರನೆ ಎಳೆದು ಹೆಗಲ ಮೇಲೆ ಹೊದ್ದುಕೊಂಡ.

"ಇದೇ! ಡೋಲಿನ ಕೆಂಪು ಅಂದ್ರೆ ಇದೇ! ಮುಟ್ಟಿ ನೋಡಿ, ಕೈ ಸುಡುತ್ತೆ."

ಅವನ ಹೆಗಲಿನಿಂದ ಗಿಳಿಹಸಿರು ಬಟ್ಟೆ ಇಳಿಬಿದ್ದಿತ್ತು. ಅಕ್ಕನ ಸೂಜಿ ನಿಂತಿತು. ಪತ್ರಿಕೆಯವಳು ಬಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಬಟ್ಟೆಯನ್ನು ನೋಡಿದಳು.

"ಇದು... ಹಸಿರಲ್ವಾ ಸರ್?"

ವಿನ್ಯಾಸಕನ ಮುಖ ಬಿಳಿಚಿಕೊಂಡಿತು. ಅಕ್ಕನ ಕಡೆ ತಿರುಗಿದ. ಅವಳಿಗೆ ಆ ಹೊತ್ತಿನಲ್ಲಿ ಗುಂಡಿಯ ತೂತುಗಳನ್ನು ಎಣಿಸುವ ಕೆಲಸವಿತ್ತು. ಆದರೆ ಹೆಸರುವಾಸಿಯಾದವನ ತಪ್ಪನ್ನು ಬರೀ ತಪ್ಪು ಎನ್ನುವುದಕ್ಕೆ ಎದೆಗಾರಿಕೆ ಬೇಕು, ಅದನ್ನು ಪತ್ರಿಕೆಯವಳು ಅಂದು ತಂದಿರಲಿಲ್ಲ. ತನಗೇ ಅರ್ಥವಾಗಲಿಲ್ಲವೇನೋ ಎಂಬ ಹೆದರಿಕೆ ಬೇರೆ. ತಟ್ಟನೆ ಎದ್ದು ನಿಂತಳು.

"ಅಯ್ಯೋ, ಈಗ ಹೊಳೀತು! ನೀವು ಹಸಿರೊಳಗಿನ ಕೆಂಪು ನೋಡ್ತಿದೀರಿ! ನಾವು ಬರೀ ಹಸಿರು ನೋಡ್ಕೊಂಡು ಬದುಕಿಬಿಟ್ವಿ."

"ಸದ್ಯ, ಒಬ್ಬರಿಗಾದ್ರೂ ಅರ್ಥ ಆಯ್ತಲ್ಲ," ಎಂದು ವಿನ್ಯಾಸಕ ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡ.

ಒಂದು ವಾರ ಅವನು ಅಕ್ಕನ ಜೊತೆ ಮಾತು ಬಿಟ್ಟ. ಎಂಟನೆಯ ದಿನ ಪತ್ರಿಕೆ ಬಂತು. 'ಹಸಿರಿನಲ್ಲಿ ಕೆಂಪು ಕಂಡ ಕಲಾವಿದ' ಎಂದು ತಲೆಬರಹ, ಅರ್ಧ ಪುಟದ ಫೋಟೋ. ಮಧ್ಯಾಹ್ನದೊಳಗೆ ಹದಿನಾಲ್ಕು ಜನ ಫೋನ್ ಮಾಡಿ, ನಮಗೂ ಅದೇ ಕೆಂಪಿನ ಹಸಿರು ಬೇಕು ಎಂದರು. ಪತ್ರಿಕೆ ಹಿಡಿದುಕೊಂಡು ತಮ್ಮ ಬಂದು ಅಕ್ಕನ ಪಕ್ಕದಲ್ಲೇ ಕುಳಿತ. ಸಿಟ್ಟೆಲ್ಲ ಇಳಿದುಹೋಗಿತ್ತು.

"ಇನ್ಮೇಲೆ ಎಲ್ಲಾ ಚೀಟಿನೂ ಹೀಗೇ ಅದಲುಬದಲು ಮಾಡಿಡು ಅಕ್ಕಾ. ಅಲ್ಲ, ಇಂಥಾ ಯೋಚನೆ ನಿನಗೆ ಎಲ್ಲಿಂದ ಬಂತು?"

ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಕೇಳದೆ ಇದ್ದ ಪ್ರಶ್ನೆ ಅದು. ಅಕ್ಕ ಸೂಜಿ ಕೆಳಗಿಟ್ಟಳು.

"ಸಿಟ್ಟಿನಿಂದ ಬಂತು ಕಣೋ. ಒಂದು ಹೆಸರು ಹಾಕೋಕೂ ನಿನಗೆ ಮನಸ್ಸು ಬರ್ಲಿಲ್ವಲ್ಲ, ಆ ಸಂಕಟದಿಂದ ಬಂತು. ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗಿತ್ತು ನನಗೆ."

ತಮ್ಮ ಅವಳ ಮುಖವನ್ನೇ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಜೇಬು ತಡಕಿ ಪೆನ್ನು ತೆಗೆದ.

"ಸಿಟ್ಟು, ಸಂಕಟ, ಆಮೇಲೆ ಏನಂದೆ, ಹೊಟ್ಟೆಯೊಳಗೆ ಬೆಂಕಿ? ಸ್ವಲ್ಪ ನಿಧಾನಕ್ಕೆ ಹೇಳು ಅಕ್ಕಾ. ನಾಳೆ ಟೀವಿಯವರು ಬರ್ತಾರೆ, ಬಣ್ಣ ನಿಮಗೆ ಎಲ್ಲಿಂದ ಬರುತ್ತೆ ಅಂತ ಕೇಳೇ ಕೇಳ್ತಾರೆ."