ಮೇಲ್ಮನೆಯ ಹುಡುಗಿ

“ಹೊಡೆಯೋದನ್ನ ಕಣ್ಣಾರೆ ನೋಡಿಲ್ಲಮ್ಮಾ. ಆದ್ರೆ ಆ ಗಂಡಸು ಗದರೋದು, ಮಾತು ತಿಳಿಯದಿದ್ರೂ, ದಿನಾ ಕೇಳಿಸುತ್ತೆ,” ಎಂದಿತು ಫೋನಿನಲ್ಲಿ ಮುದಿ ದನಿ. “ನಮ್ಮ ಮೇಲ್ಮನೆ ಹುಡುಗಿ. ಪಾಪ, ಏನಾದ್ರೂ ಮಾಡು.”

ಕರೆ ತೆಗೆದುಕೊಂಡಿದ್ದ ಪದಕ ಪೆನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಈ ಸಹಾಯವಾಣಿಯಲ್ಲಿ ಹೆಸರು ಕೇಳುವಂತಿಲ್ಲ, ವಿಳಾಸ ಕೇಳುವಂತಿಲ್ಲ, ಅವರಾಗಿ ಬೇಡುವವರೆಗೆ ಯಾರನ್ನೂ ಕಳಿಸುವಂತಿಲ್ಲ. ಪರದೇಶಕ್ಕೆ ಬಂದು ನೆಲೆಸಿದ ನಮ್ಮ ಭಾಷೆಯವರು ಕಷ್ಟ ಹೇಳಿಕೊಳ್ಳುತ್ತಾರೆ, ಕೇಳಿಸಿಕೊಳ್ಳಬೇಕು, ಅಷ್ಟೇ. ಸಮಾಜಕಾರ್ಯದ ಪದವಿಯಲ್ಲಿ ಚಿನ್ನ ಗೆದ್ದು, ಸೇವೆ ಮಾಡುತ್ತೇನೆಂದು ಸಮುದ್ರ ದಾಟಿ ಬಂದವಳಿಗೆ ಕೇಂದ್ರದವರು ತಮಾಷೆಗೆ ಇಟ್ಟ ಹೆಸರು ಪದಕ. ಬಂದು ಮೂರು ವಾರವಾದರೂ ಒಬ್ಬರ ಕಣ್ಣೊರೆಸಿರಲಿಲ್ಲ.

“ಆ ಹುಡುಗೀನ ಮಾತಾಡಿಸಿದ್ದೀರಾ ಅಜ್ಜಿ?”

“ಏನಂತ ಮಾತಾಡಿಸ್ಲಿ? ಅವಳು ಈ ದೇಶದವಳು. ನನಗೆ ನಮ್ಮ ಮಾತು ಬಿಟ್ರೆ ಬೇರೆ ಬರಲ್ಲ. ಅಯ್ಯೋ, ಮಗ ಬಂದ, ಇಡ್ತೀನಿ.”

ಕೇಂದ್ರ ನಡೆಸುವ ಅಕ್ಕ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು. “ಪಕ್ಕದ ಮನೆಯವಳು, ಮೇಲ್ಮನೆಯವಳು ಅಂತ ಶುರು ಮಾಡ್ತಾರಲ್ಲ, ಅದು ಅವರದೇ ಕಥೆ ಕಣೇ. ಮಗ ಬಂದ ತಕ್ಷಣ ಫೋನ್ ಯಾಕಿಟ್ರು, ಯೋಚನೆ ಮಾಡು.”

ಆಗ ಪದಕಳಿಗೆ ಹೊಳೆಯಿತು. ಹಾಗಾದರೆ ಏಟು ತಿನ್ನುತ್ತಿರುವುದು ಅಜ್ಜಿಯೇ.

ಸಂಜೆ ಕೋಣೆಗೆ ಮರಳುವಾಗಲೂ ಅದೇ ಚಿಂತೆ. ಮೆಟ್ಟಿಲಲ್ಲಿ ಟೋಪಿ, ಕೋಟಿನೊಳಗೆ ಹುದುಗಿದವರು ಯಾರೋ ಎದುರಾದರು. ಇಲ್ಲಿನ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ನಮಸ್ಕಾರವೊಂದೇ. ದಿನದಂತೆ ಅದನ್ನೇ ಹೇಳಿ, ನಕ್ಕು, ಮೇಲೆ ಹತ್ತಿದಳು. ಬೀಗ ತೆಗೆಯುವಷ್ಟರಲ್ಲಿ ಊರಿನಿಂದ ಅಪ್ಪನ ಕರೆ. ಊರು ದೂರವಾದಷ್ಟೂ ದನಿ ಏರಿಸಬೇಕೆಂಬುದು ಅಪ್ಪನ ಲೆಕ್ಕ. ಕಿವಿಗೆ ಹಿಡಿದರೆ ತಮಟೆಯೇ ಒಡೆದೀತೆಂದು ಅವಳು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡುತ್ತಿದ್ದಳು.

“ಚೆನ್ನಾಗಿದ್ದೀಯಾ? ಊಟ ಮಾಡಿದ್ಯಾ?”

“ಎಲ್ಲಾ ಚೆನ್ನಾಗಿದೆಯಪ್ಪಾ.”

ಆಮೇಲೆ ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಜ್ಜಿಯ ಕರೆ ಮತ್ತೆ ಬರುವವರೆಗೆ ಪದಕಳಿಗೆ ಜೀವದಲ್ಲಿ ಜೀವವಿರಲಿಲ್ಲ. ಫೋನು ರಿಂಗಾದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು.

“ನಿನ್ನೆ ಇನ್ನೂ ಜೋರಿತ್ತಮ್ಮಾ,” ಎಂದಳು ಅಜ್ಜಿ. “ಅಳು ಯಾರಿಗೂ ಕೇಳಬಾರದು ಅಂತ ನಲ್ಲಿ ಬಿಟ್ಕೋತಾಳೆ ಪಾಪ.”

“ಅಜ್ಜಿ, ನಿಜ ಹೇಳಿ. ನಿಮ್ಮ ಮಗ ನಿಮ್ಮ ಮೇಲೆ ಕೈ ಮಾಡ್ತಾರಾ?”

“ಬಿಡ್ತು ಅನ್ನು! ನನ್ನ ಮಗ ದೇವರಂಥವನು.”

ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ. ಪದಕಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಲ್ಲೋ ಮುದಿಜೀವವೊಂದು ಏಟು ತಿನ್ನುತ್ತಿದೆ, ತಾನಿಲ್ಲಿ ಕುರ್ಚಿ ಬಿಸಿ ಮಾಡುತ್ತ ಹೂಂಗುಟ್ಟುತ್ತಿದ್ದೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ನಿಯಮಗಳು ಬೇರೆ. ಕೊನೆಗೆ, ಆಕೆಯ ಕಥೆಯ ದಾರಿಯಲ್ಲೇ ಹೋಗಿ ನೋಡೋಣವೆಂದುಕೊಂಡಳು.

“ಆ ಹುಡುಗಿಗೆ ಈಗ ಏನು ಬೇಕು ಅಂತ ನಿಮಗನ್ನಿಸುತ್ತೆ ಅಜ್ಜಿ?”

“ಯಾರಾದ್ರೂ ಹೋಗಿ ಬಾಗಿಲು ತಟ್ಟಬೇಕು. ಅಷ್ಟೆಲ್ಲ ಅತ್ತು, ಬೆಳಗ್ಗೆ ಏನೂ ಆಗಿಲ್ಲದ ಹಾಗೆ ಓಡಾಡ್ತಾಳಲ್ಲ, ಅದನ್ನ ನೋಡೋಕಾಗಲ್ಲ ನನಗೆ.”

ಇದಕ್ಕಿಂತ ಬಾಯಿಬಿಟ್ಟು ಯಾರು ಬೇಡುತ್ತಾರೆ! ಪದಕ ನಿಯಮ ಮುರಿದಳು. “ವಿಳಾಸ ಹೇಳಿ ಅಜ್ಜಿ. ನಾನೇ ಬಂದು ತಟ್ಟುತ್ತೀನಿ.”

“ನೀನ್ಯಾಕೆ ಅಷ್ಟು ದೂರದಿಂದ ಬರ್ತೀಯಾ ತಾಯಿ? ಹೇಳೋದು ನಾನು, ಮಾಡೋದು ಇನ್ನೊಬ್ರು ಅಂದ್ರೆ ಹೇಗೆ? ಇವತ್ತು ನಾನೇ ಹೋಗ್ತೀನಿ. ಅವನು ನನಗೂ ಬಾರಿಸಿದ್ರೆ ಬಾರಿಸಲಿ.”

“ಬೇಡ ಅಜ್ಜಿ! ಒಬ್ಬರೇ ಎದುರು ನಿಲ್ಲಬೇಡಿ, ಅಜ್ಜಿ...”

ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಕರೆಯಲು ನಂಬರೂ ಕಾಣುವುದಿಲ್ಲ. ಅಕ್ಕನೂ ಕೈಚೆಲ್ಲಿದಳು.

ಅಂದು ಸಂಜೆ ಅಪ್ಪನ ಕೂಗಿಗೆ “ಚೆನ್ನಾಗಿದ್ದೀನಿ” ಎಂದಷ್ಟೇ ಹೇಳಿ ಫೋನಿಟ್ಟಳು. ಈ ಹೊತ್ತಿಗೆ ಆ ಮನೆಯಲ್ಲಿ ಏನಾಗುತ್ತಿದೆಯೋ. ಇಷ್ಟು ದೊಡ್ಡ ಊರಿನಲ್ಲಿ ಯಾವ ಬೀದಿಗೆಂದು ಓಡುವುದು? ಒಬ್ಬ ಮುದುಕಿಯನ್ನು ಉಳಿಸಲಾಗದವಳು ಇಲ್ಲಿಗೆ ಯಾಕಾದರೂ ಬಂದೆನೋ ಎಂದು ಬಿಕ್ಕಿಬಿಕ್ಕಿ ಅತ್ತಳು.

ಯಾರೋ ಬಾಗಿಲು ಬಡಿದರು. ಈ ದೇಶಕ್ಕೆ ಬಂದಮೇಲೆ ಮೊದಲ ಸಲ.

ಮುಖ ಒರೆಸಿಕೊಂಡು ತೆಗೆದಳು. ಮೆಟ್ಟಿಲಲ್ಲಿ ಎದುರಾಗುತ್ತಿದ್ದ ಟೋಪಿ, ಕೋಟಿನ ಕೆಳಮನೆಯಾಕೆ. ಕೈಯಲ್ಲಿ ಲಟ್ಟಣಿಗೆ. ಆಕೆ ಪದಕಳನ್ನು ಪಕ್ಕಕ್ಕೆ ಸರಿಸಿ, ಕೋಣೆಯ ಮೂಲೆ ಮೂಲೆಗೂ ಕಣ್ಣು ಹಾಯಿಸಿದಳು.

“ನಿಮ್ಮ ಮಾತು ನನಗೆ ಬರಲ್ಲ ಕಣಮ್ಮಾ,” ಎಂದಿತು ಫೋನಿನ ಅದೇ ದನಿ. “ಎಲ್ಲಿ ಅವನು? ದಿನಾ ನಿನ್ನನ್ನ ಅಳಿಸೋನು?”